ಗಾಥಿಕ್ ಮೆಟಲ್ ಹಾಡುಗಳಲ್ಲಿ ಸಾವು, ದೆವ್ವ, ಸಮಾಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷದಿಂದ ಈ ಸಂಗೀತ ಕೇಳುತ್ತಿದ್ದೇನೆ. ನನ್ನ ಟೀ ಶರ್ಟ್ ನೋಡಿದವರು ಅಷ್ಟೂ ವರ್ಷ ಇವೇ ಪ್ರಶ್ನೆಗಳನ್ನು ಕೇಳಿದ್ದಾರೆ. ರೂಮ್‌ಮೇಟ್ ಕೇಳಿದ್ದಾನೆ, ಸೋದರಮಾವ ಕೇಳಿದ್ದಾರೆ, ಬಸ್ಸಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ನಿಂತ ನಿಲುವಲ್ಲಿ ಉತ್ತರ ಹೇಳಿ ಮುಗಿಸುವಂಥವಲ್ಲ ಇವು. ಅದಕ್ಕೇ ಒಂದು ಕಡೆ ಕೂತು ಬರೆದಿದ್ದೇನೆ.

ಗಾಥಿಕ್ ಮೆಟಲ್ ಅಂದ್ರೆ ಯಾವುದು? ಕಪ್ಪು ಬಟ್ಟೆ ಹಾಕ್ಕೊಂಡು ಹಾಡಿದ್ದೆಲ್ಲಾ ಅದೇನಾ?

ರಾಕ್ ಸಂಗೀತದಲ್ಲಿ ಹೆವಿ ಮೆಟಲ್ ಅನ್ನುವ ಜೋರು ಬಗೆಯ ಒಂದು ಕವಲು ಇದು. ಗಿಟಾರ್ ಭಾರ, ನಡೆ ನಿಧಾನ. ಜೊತೆಗೆ ಕೀಬೋರ್ಡ್, ಪಿಟೀಲು, ಎಷ್ಟೋ ಸಲ ಒಂದು ಹೆಣ್ಣುದನಿ. ಹೆಸರು ಗಟ್ಟಿಯಾಗಿದ್ದು 1991ರಲ್ಲಿ, ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಪ್ಯಾರಡೈಸ್ ಲಾಸ್ಟ್ ಬ್ಯಾಂಡ್ 'ಗಾಥಿಕ್' ಅಂತಲೇ ಒಂದು ಆಲ್ಬಂ ತಂದಾಗ. ಅದೇ ಹೊತ್ತಿಗೆ ಪಕ್ಕದ ಬ್ರಾಡ್‌ಫರ್ಡ್‌ನಲ್ಲಿ ಮೈ ಡೈಯಿಂಗ್ ಬ್ರೈಡ್, ಲಿವರ್‌ಪೂಲ್‌ನಲ್ಲಿ ಅನಾಥೆಮಾ ಹುಟ್ಟಿಕೊಂಡಿದ್ದವು. ಮೂರೂ ಪೀಸ್‌ವಿಲ್ ಅನ್ನೋ ಒಂದೇ ಪುಟ್ಟ ಕಂಪನಿಯಿಂದ ಹೊರಬಂದವು, ಹಾಗಾಗಿ ಇವತ್ತಿಗೂ 'ಪೀಸ್‌ವಿಲ್ ಮೂವರು' ಅಂತ ಕರೆಯುತ್ತಾರೆ. ಆಮೇಲೆ ನ್ಯೂಯಾರ್ಕ್‌ನ ಟೈಪ್ ಓ ನೆಗೆಟಿವ್, ನಾರ್ವೆಯ ಥಿಯೇಟರ್ ಆಫ್ ಟ್ರಾಜಿಡಿ, ಪೋರ್ಚುಗಲ್‌ನ ಮೂನ್‌ಸ್ಪೆಲ್ ಬಂದವು.

ಹೆಸರಿನ ಜಗಳಕ್ಕೆ ನಾನು ಇಳಿಯುವುದಿಲ್ಲ. ಮುಂದೆ ಬರುವ ಕಿಂಗ್ ಡೈಮಂಡ್, ಕ್ರೇಡಲ್ ಆಫ್ ಫಿಲ್ತ್, ಬ್ಲ್ಯಾಕ್ ಸಬ್ಬತ್ ಇವರನ್ನು ಗಾಥಿಕ್ ಮೆಟಲ್ ಅಂತ ಕರೆಯಬಾರದು ಅನ್ನುವವರಿದ್ದಾರೆ. ಸಂಗೀತದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಹಾಡಿನ ಸಾಹಿತ್ಯದ ಬಗ್ಗೆ ಮಾತಾಡುವಾಗ ಅವರನ್ನು ಬಿಟ್ಟರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ.

'ಗಾಥಿಕ್' ಅನ್ನೋ ಪದ ಎಲ್ಲಿಂದ ಬಂತು?

ಗಾಥ್ ಅನ್ನುವುದು ರೋಮ್ ಮೇಲೆ ದಾಳಿ ಮಾಡಿದ ಒಂದು ಜನಾಂಗದ ಹೆಸರು. ಎಷ್ಟೋ ಶತಮಾನ ಆದಮೇಲೆ ಇಟಲಿಯವರು ಹಳೇ ಕಾಲದ ಚೂಪು ಕಮಾನಿನ ಚರ್ಚುಗಳನ್ನು ನೋಡಿ, ಇದೆಲ್ಲ ಒರಟು ಜನರ ಕೆಲಸ ಅಂತ ಹೀಗಳೆಯೋಕೆ ಆ ಹೆಸರು ಬಳಸಿದರು. ಬೈಗುಳವೇ ಹೆಸರಾಗಿ ಉಳಿಯಿತು. 1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ ಒಂದು ಹಳೇ ಕೋಟೆಯ ಕಥೆ ಬರೆದ. ಮದುವೆಯ ದಿನವೇ ಆಕಾಶದಿಂದ ದೊಡ್ಡ ಶಿರಸ್ತ್ರಾಣ ಬಿದ್ದು ಮದುಮಗ ಸಾಯುತ್ತಾನೆ. ತಾತ ಮಾಡಿದ ಮೋಸ ಮೊಮ್ಮಕ್ಕಳ ತಲೆ ಮೇಲೆ ಬೀಳುವ ಕಥೆ ಅದು, ಅಕ್ಷರಶಃ. ಎರಡನೇ ಮುದ್ರಣದಲ್ಲಿ ಅದಕ್ಕೆ 'ಗಾಥಿಕ್ ಕಥೆ' ಅಂತ ಅಡಿಬರಹ ಸೇರಿಸಿದ. ಪಾಳುಕೋಟೆ, ಕತ್ತಲೆ ಮೆಟ್ಟಿಲು, ವಂಶದ ಪಾಪ, ಗೋಡೆಯೊಳಗಿನ ಗುಟ್ಟು ಎಲ್ಲ ಅಲ್ಲಿಂದ ಹೊರಟವು.

ರಾಕ್ ಸಂಗೀತಕ್ಕೆ ಅದು ಬಂದದ್ದು 1979ರ ಸುಮಾರಿಗೆ. ಬೌಹಾಸ್ ಅನ್ನುವ ಬ್ಯಾಂಡ್ ಹಳೇ ಡ್ರಾಕುಲಾ ನಟ ಬೇಲಾ ಲುಗೋಸಿ ಸತ್ತಿದ್ದರ ಬಗ್ಗೆ ಒಂಬತ್ತು ನಿಮಿಷದ ಹಾಡು ಮಾಡಿತು. ಅದರ ಬೆನ್ನಿಗೆ ಲೀಡ್ಸ್ ನಗರದ ಸಿಸ್ಟರ್ಸ್ ಆಫ್ ಮರ್ಸಿ ಬಂದರು. ಪ್ಯಾರಡೈಸ್ ಲಾಸ್ಟ್ ಹುಡುಗರು ಇವರನ್ನು ಕೇಳಿಕೊಂಡು, ಇನ್ನೊಂದು ಕಡೆ ಒರಟು ದನಿಯ ಡೆತ್ ಮೆಟಲ್ ಕೇಳಿಕೊಂಡು ಬೆಳೆದವರು.

ಎಲ್ಲಾ ಯಾರ್ಕ್‌ಶೈರ್‌ನಲ್ಲೇ ಯಾಕೆ ಶುರುವಾಯ್ತು?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಭೂಪಟ ತೆಗೆದು ನೋಡಿ. ಲೀಡ್ಸ್, ಬ್ರಾಡ್‌ಫರ್ಡ್, ಹ್ಯಾಲಿಫ್ಯಾಕ್ಸ್ ಉತ್ತರ ಇಂಗ್ಲೆಂಡಿನ ಈ ಯಾರ್ಕ್‌ಶೈರ್‌ನಲ್ಲಿ ಒಂದರ ಪಕ್ಕ ಒಂದು ಇರುವ ಊರುಗಳು. ಒಂದು ಕಾಲದಲ್ಲಿ ಉಣ್ಣೆ ಗಿರಣಿಗಳಿಂದ ತುಂಬಿದ್ದವು. ಗಿರಣಿಗಳು ಒಂದೊಂದಾಗಿ ಮುಚ್ಚಿ ಹೋದ ಕಾಲದಲ್ಲಿ ಬೆಳೆದವರು ಈ ಹುಡುಗರು. ಊರು ದಾಟಿದರೆ ಮರವಿಲ್ಲದ ಬೋಳು ಬಯಲು, ಗಾಳಿ, ಮಳೆ.

ಬ್ರಾಡ್‌ಫರ್ಡ್ ಪಕ್ಕದಲ್ಲೇ ಹಾವರ್ತ್ ಅನ್ನುವ ಹಳ್ಳಿ ಇದೆ. ಬ್ರಾಂಟಿ ಸಹೋದರಿಯರು ಇದ್ದ ಪಾದ್ರಿ ಮನೆ ಅಲ್ಲೇ ಇರುವುದು, ಮನೆ ಮುಂದೆಯೇ ಸ್ಮಶಾನ. ಎಮಿಲಿ ಬ್ರಾಂಟಿ 1847ರಲ್ಲಿ ಬರೆದ 'ವುದರಿಂಗ್ ಹೈಟ್ಸ್' ಕಾದಂಬರಿಯಲ್ಲಿ ಸತ್ತ ಹುಡುಗಿ ಕಿಟಕಿಗೆ ಬಂದು ಒಳಗೆ ಬಿಡಿ ಅನ್ನುತ್ತಾಳೆ. ಅವಳನ್ನು ಪ್ರೀತಿಸಿದವನು ಹೆದರಿ ಓಡುವುದಿಲ್ಲ, ದೆವ್ವವಾಗಿಯಾದರೂ ಬಂದು ನನ್ನನ್ನು ಕಾಡು ಅಂತ ಬೇಡಿಕೊಳ್ಳುತ್ತಾನೆ. ಗಾಥಿಕ್ ಮೆಟಲ್‌ನ ದೆವ್ವಗಳನ್ನು ಅರ್ಥ ಮಾಡಿಕೊಳ್ಳೋಕೆ ಈ ಒಂದು ಸಂಗತಿ ಗೊತ್ತಿದ್ದರೆ ಸಾಕು ಅನ್ನಿಸುತ್ತದೆ ನನಗೆ. ಆ ಕಾದಂಬರಿ ಹುಟ್ಟಿದ ಬಯಲು, ಈ ಸಂಗೀತ ಹುಟ್ಟಿದ ಊರು, ಎರಡರ ನಡುವೆ ಒಂದು ಬಸ್ ಪ್ರಯಾಣದಷ್ಟು ದೂರ.

ಹಾಗಾದ್ರೆ ಈ ಹಾಡುಗಳ ದೆವ್ವ ಯಾರು?

ಬಹಳ ಸಲ ಅದು ಹಾಡುವವನಿಗೆ ಬೇಕಾದ ವ್ಯಕ್ತಿ. ಹೆಂಡತಿ, ಅಮ್ಮ, ಹುಟ್ಟದೇ ಹೋದ ಮಗು. ಬಾಗಿಲು ಬಡಿಯುವವಳು ಹೊರಗಿನವಳಲ್ಲ, ಮನೆಯವಳೇ. ಭಯಕ್ಕಿಂತ ಹಂಬಲ ಜಾಸ್ತಿ. ಅವಳು ಬರಬೇಕು ಅಂತಲೂ ಇದೆ, ಬಂದರೆ ಏನಾಗುತ್ತದೋ ಅಂತಲೂ ಇದೆ.

ದೆವ್ವದ ಸಿನಿಮಾಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಸಿನಿಮಾದಲ್ಲಿ ಕೊನೆಗೆ ಮಂತ್ರವಾದಿ ಬಂದು ದೆವ್ವ ಓಡಿಸುತ್ತಾನೆ, ಎಲ್ಲರೂ ಉಸಿರು ಬಿಡುತ್ತಾರೆ. ಗಾಥಿಕ್ ಮೆಟಲ್‌ನಲ್ಲಿ ಓಡಿಸುವವರು ಯಾರೂ ಬರುವುದಿಲ್ಲ, ಓಡಿಸಬೇಕು ಅಂತ ಯಾರಿಗೂ ಇಲ್ಲ. ಹೋದವರನ್ನು ಕಳಿಸಿಕೊಡೋಕೆ ಆಗದವರ ಹಾಡು ಇದು. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು, ಕಾಗೆ ಬರುವ ತನಕ ಕಾಯುವ ಮನೆಯಲ್ಲಿ ಬೆಳೆದ ನನಗೆ ಈ ಕಾಯುವಿಕೆ ಹೊಸದು ಅನ್ನಿಸಲೇ ಇಲ್ಲ.

ಮೈ ಡೈಯಿಂಗ್ ಬ್ರೈಡ್ ಹಾಡುಗಳನ್ನು ಆರನ್ ಸ್ಟೇನ್‌ತೋರ್ಪ್ ಬರೆದಿರುವ ರೀತಿ ನೋಡಿ. ಸಾಯುತ್ತಿರುವವರ ಹಾಸಿಗೆ ಪಕ್ಕದಿಂದ ಅವನು ಏಳುವುದೇ ಇಲ್ಲ. ಹತ್ತು ನಿಮಿಷದ ಹಾಡಿನಲ್ಲಿ ಘಟನೆ ಅಂತ ನಡೆಯುವುದು ಕಡಿಮೆ. ಕೈ ಹಿಡಿದುಕೊಂಡಿರುವುದು, ಉಸಿರು ನಿಧಾನ ಆಗುವುದು, ಪ್ರಾರ್ಥನೆ, ಸಿಟ್ಟು, ಮತ್ತೆ ಪ್ರಾರ್ಥನೆ. 1993ರ 'ಟರ್ನ್ ಲೂಸ್ ದ ಸ್ವಾನ್ಸ್' ಆಲ್ಬಂನ ಪಿಟೀಲು ಕೇಳುತ್ತಿದ್ದರೆ ಆಸ್ಪತ್ರೆಯಲ್ಲಿ ರಾತ್ರಿ ಕಳೆದವರಿಗೆ ಗೊತ್ತಾಗುತ್ತದೆ, ಅಲ್ಲಿ ಹೊತ್ತು ಹೀಗೇ ಹೋಗುವುದು ಅಂತ.

ಬ್ಲ್ಯಾಕ್ ಸಬ್ಬತ್‌ನಿಂದಲೇ ಇದೆಲ್ಲಾ ಶುರುವಾಗಿದ್ದು ಅಂತಾರೆ, ನಿಜಾನಾ?

ಮೆಟಲ್‌ಗೆ ದೆವ್ವ ಬಂದದ್ದು ಅಲ್ಲಿಂದಲೇ. ಬರ್ಮಿಂಗ್‌ಹ್ಯಾಮ್‌ನ ನಾಲ್ಕು ಬಡ ಹುಡುಗರು. ಗಿಟಾರ್ ನುಡಿಸುವ ಟೋನಿ ಅಯೋಮಿಗೆ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿ ತುಂಡಾಯಿತು. ಅವನು ಎಡಚ. ತಂತಿ ಒತ್ತಬೇಕಾದ ಬೆರಳುಗಳೇ ಹೋದವು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ತೊಪ್ಪಿಗೆ ಮಾಡಿಕೊಂಡ, ಮುಂದೆ ತಂತಿಗಳನ್ನು ಸಡಿಲ ಮಾಡಿಕೊಂಡ. ಆ ಭಾರದ ದನಿಯಲ್ಲಿ ಒಂದು ಪಾಲು ಆ ಗಾಯದ್ದು.

ಮೊದಲ ಆಲ್ಬಂ ಬಿಡುಗಡೆ ಆಗಿದ್ದು 1970ರ ಫೆಬ್ರವರಿ 13, ಶುಕ್ರವಾರ. ಮಳೆ, ಗುಡುಗು, ದೂರದ ಚರ್ಚ್ ಗಂಟೆಯಿಂದ ಶುರುವಾಗುತ್ತದೆ. ಹಾಡು ಬರೆಯುತ್ತಿದ್ದ ಗೀಜರ್ ಬಟ್ಲರ್ ಹೇಳುವ ಪ್ರಕಾರ, ಒಂದು ರಾತ್ರಿ ಎಚ್ಚರ ಆದಾಗ ಹಾಸಿಗೆಯ ಕಾಲ ಬಳಿ ಕಪ್ಪು ಆಕೃತಿಯೊಂದು ನಿಂತು ಅವನನ್ನೇ ನೋಡುತ್ತಿತ್ತು. ಆ ಹೆದರಿಕೆಯೇ ಹಾಡಾಯಿತು. ಗಮನಿಸಿ, ಹಾಡಿನಲ್ಲಿರುವವನು ಸೈತಾನನನ್ನು ಕರೆಯುತ್ತಿಲ್ಲ. ನೋಡಿ ನಡುಗುತ್ತಾ ದೇವರೇ ಕಾಪಾಡು ಅಂತ ಕೂಗುತ್ತಾನೆ. ಬಟ್ಲರ್ ಕ್ಯಾಥಲಿಕ್ ಮನೆಯಲ್ಲಿ ಬೆಳೆದವನು. ಇವರು ಕೊರಳಿಗೆ ಹಾಕುತ್ತಿದ್ದ ಲೋಹದ ಶಿಲುಬೆಗಳನ್ನು ಮೊದಲು ಮಾಡಿಕೊಟ್ಟಿದ್ದು ಗಾಯಕ ಓಜಿ ಆಸ್ಬರ್ನ್‌ನ ತಂದೆ.

ಆ ಹಾಡಿನಲ್ಲಿ 'ಸೈತಾನನ ಸ್ವರ' ಇದೆಯಂತೆ?

ಅದು ಎರಡು ಸ್ವರಗಳ ನಡುವಿನ ಅಂತರ. ಇಂಗ್ಲಿಷಿನಲ್ಲಿ ಟ್ರೈಟೋನ್ ಅನ್ನುತ್ತಾರೆ. ಯುರೋಪಿನ ಹಳೇ ಸಂಗೀತಶಾಸ್ತ್ರದವರು ಅದನ್ನು 'ಸಂಗೀತದೊಳಗಿನ ಸೈತಾನ' ಅಂತ ಕರೆದಿದ್ದು ನಿಜ. ಹಾಡೋಕೆ ಕಷ್ಟ, ಕಿವಿಗೆ ಚುಚ್ಚುತ್ತದೆ ಅನ್ನುವ ಕಾರಣಕ್ಕೆ. ಚರ್ಚು ಅದನ್ನು ನಿಷೇಧಿಸಿತ್ತು ಅನ್ನುವುದಕ್ಕೆ ಪುರಾವೆ ಇಲ್ಲ.

ನಮಗೆ ಇನ್ನೂ ಸುಲಭವಾಗಿ ಹೇಳಬಹುದು. ಷಡ್ಜದಿಂದ ಪ್ರತಿ ಮಧ್ಯಮಕ್ಕೆ ಎಷ್ಟು ದೂರವೋ ಅಷ್ಟೇ ಅದು. ಕಲ್ಯಾಣಿ ರಾಗದಲ್ಲಿ ದಿನಾ ಕೇಳುತ್ತೇವೆ, ಮದುವೆ ಮನೆಯ ನಾಗಸ್ವರದಲ್ಲೂ ಕೇಳುತ್ತೇವೆ. ಅಲ್ಲಿ ಅಕ್ಕಪಕ್ಕದ ಗಾಂಧಾರ, ಪಂಚಮ ಜೊತೆ ಇರುವುದರಿಂದ ಅದು ಬೆಳಗುತ್ತದೆ. ಬ್ಲ್ಯಾಕ್ ಸಬ್ಬತ್ ಉಳಿದ ಸ್ವರಗಳನ್ನು ಕಿತ್ತುಹಾಕಿ, ಆಧಾರ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ ಇಷ್ಟನ್ನೇ ಭಾರವಾಗಿ, ತುಂಬಾ ನಿಧಾನವಾಗಿ ಇಟ್ಟಿತು. ತಂಬೂರಿ ಇದ್ದರೆ ನೀವೇ ಹಾಡಿ ನೋಡಿ. ಮೈ ಜುಮ್ ಅನ್ನುತ್ತದೆ.

ಒಂದು ಹಾಡಿನಲ್ಲಿ ಅಲ್ಲ, ಇಡೀ ಆಲ್ಬಂನಲ್ಲಿ ದೆವ್ವದ ಕಥೆ ಹೇಳಿದವರು ಇದ್ದಾರಾ?

ಇದ್ದಾರೆ, ಡೆನ್ಮಾರ್ಕ್‌ನ ಕಿಂಗ್ ಡೈಮಂಡ್. ಮುಖಕ್ಕೆ ಕಪ್ಪು ಬಿಳಿ ಬಣ್ಣ, ಒಂದೇ ಗಂಟಲಲ್ಲಿ ಮುದುಕ, ಹೆಂಗಸು, ದೆವ್ವ ಎಲ್ಲಾ. ಯಕ್ಷಗಾನ ನೋಡಿ ಬೆಳೆದವರಿಗೆ ಮೊದಲ ಸಲವೇ ಹಿಡಿಸುತ್ತದೆ ಅನ್ನುವುದು ನನ್ನ ಅನುಭವ.

ಅವನ 1987ರ 'ಅಬಿಗೇಲ್' ಆಲ್ಬಂ ಕಥೆ ಹೀಗಿದೆ. 1845ರ ಬೇಸಿಗೆ. ಜೊನಾಥನ್, ಮಿರಿಯಂ ಅನ್ನುವ ಯುವ ದಂಪತಿಗೆ ಪಿತ್ರಾರ್ಜಿತವಾಗಿ ಒಂದು ದೊಡ್ಡ ಬಂಗಲೆ ಬರುತ್ತದೆ. ಮಳೆಯಲ್ಲಿ ಗಾಡಿ ಹೋಗುತ್ತಿರುವಾಗ ಏಳು ಜನ ಕುದುರೆ ಸವಾರರು ಅಡ್ಡ ನಿಂತು, ವಾಪಸ್ ಹೋಗಿ, ಆ ಮನೆಗೆ ಕಾಲಿಡಬೇಡಿ ಅನ್ನುತ್ತಾರೆ. ಇವರು ಕೇಳುವುದಿಲ್ಲ. ರಾತ್ರಿ ಆ ವಂಶದ ಹಿರಿಯನ ಪ್ರೇತ ಜೊನಾಥನ್‌ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಒಂದು ಪುಟ್ಟ ಶವಪೆಟ್ಟಿಗೆ ತೋರಿಸುತ್ತದೆ. ಒಳಗಿರುವುದು ಅಬಿಗೇಲ್. 1777ರ ಜುಲೈ 7ರಂದು ಆ ಹಿರಿಯ ತನಗೆ ಮೋಸ ಮಾಡಿದಳು ಅಂತ ಬಸುರಿ ಹೆಂಡತಿಯನ್ನು ಮೆಟ್ಟಿಲಿಂದ ತಳ್ಳಿ ಕೊಂದಿದ್ದ. ಹೆಂಡತಿಯ ಹೆಣ ಸುಟ್ಟ, ಸತ್ತು ಹುಟ್ಟಿದ ಮಗುವನ್ನು ಮಮ್ಮಿ ಮಾಡಿಸಿ ಇಟ್ಟ. ಆ ಮಗು ಈಗ ಮಿರಿಯಂಳ ಹೊಟ್ಟೆಯಲ್ಲಿ ಮತ್ತೆ ಹುಟ್ಟೋಕೆ ಬರುತ್ತಿದೆ.

ಮುಂದಿನದನ್ನು ಹೇಳುವುದಿಲ್ಲ, ಕೇಳಿ. ನಾನು ಹೇಳಬೇಕು ಅಂತಿದ್ದದ್ದು ಇಷ್ಟು: ಇಡೀ ಕಥೆಯಲ್ಲಿ ನಿಜವಾದ ರಾಕ್ಷಸ ಮೆಟ್ಟಿಲ ಮೇಲೆ ನಿಂತಿದ್ದ ಗಂಡ. ಅವನು ಮಾಡಿದ್ದನ್ನು ಮನೆ ಮುಚ್ಚಿಟ್ಟಿತು. ಮುಚ್ಚಿಟ್ಟದ್ದೇ ನಾಲ್ಕು ತಲೆಮಾರಿನವರ ನಿದ್ದೆ ಕೆಡಿಸುವ ಸಂಗತಿ ನಮ್ಮ ಮನೆಗಳಿಗೂ ಗೊತ್ತಿಲ್ಲದ್ದೇನಲ್ಲ. ಬಾವಿಗೆ ಬಿದ್ದ ಸೊಸೆಯ ಹೆಸರನ್ನು ಯಾರೂ ಎತ್ತದ ಮನೆಗಳು ಎಷ್ಟಿಲ್ಲ?

ರಕ್ತದಲ್ಲಿ ಸ್ನಾನ ಮಾಡುತ್ತಿದ್ದ ರಾಣಿಯ ಕಥೆ ನಿಜಾನಾ?

ಎಲಿಜಬೆತ್ ಬಾತೋರಿ ನಿಜವಾಗಿ ಇದ್ದವಳು, ರಾಣಿ ಅಲ್ಲ, ಹಂಗೇರಿಯ ದೊಡ್ಡ ಜಮೀನ್ದಾರಿ ಮನೆತನದ ಕೌಂಟೆಸ್. ಹುಟ್ಟಿದ್ದು 1560, ಸತ್ತಿದ್ದು 1614. ಕೆಲಸದ ಹುಡುಗಿಯರನ್ನು ಹಿಂಸಿಸಿ ಕೊಂದ ಆರೋಪದ ಮೇಲೆ 1610ರ ಡಿಸೆಂಬರ್‌ನಲ್ಲಿ ಅವಳನ್ನು ಹಿಡಿದರು. ಅವಳ ಕೆಲಸದವರಿಗೆ ಮರಣದಂಡನೆ ಆಯಿತು. ಅವಳ ಮೇಲೆ ಮಾತ್ರ ವಿಚಾರಣೆ ನಡೆಯಲೇ ಇಲ್ಲ, ಈಗಿನ ಸ್ಲೊವಾಕಿಯಾದಲ್ಲಿರುವ ಚಾಖ್ಟಿತ್ಸೆ ಕೋಟೆಯಲ್ಲೇ ಬಂಧನದಲ್ಲಿದ್ದು ತೀರಿಕೊಂಡಳು. ರಕ್ತಸ್ನಾನದ ಮಾತು ಸಾಕ್ಷಿಗಳ ಹೇಳಿಕೆಯಲ್ಲಿ ಎಲ್ಲೂ ಇಲ್ಲ. ಅದು ಮೊದಲು ಅಚ್ಚಾಗಿದ್ದು 1729ರಲ್ಲಿ, ಒಬ್ಬ ಜೆಸ್ಯೂಟ್ ಪಾದ್ರಿಯ ಪುಸ್ತಕದಲ್ಲಿ. ಅಂದರೆ ಅವಳು ಸತ್ತು ನೂರು ವರ್ಷ ದಾಟಿದ ಮೇಲೆ.

ಇಂಗ್ಲೆಂಡಿನ ಕ್ರೇಡಲ್ ಆಫ್ ಫಿಲ್ತ್ 1998ರಲ್ಲಿ 'ಕ್ರುಯೆಲ್ಟಿ ಅಂಡ್ ದ ಬೀಸ್ಟ್' ಆಲ್ಬಂ ಪೂರ್ತಿ ಇವಳ ಮೇಲೆ ಮಾಡಿತು. ಕಥೆ ಓದುವ ದನಿ ನಟಿ ಇಂಗ್ರಿಡ್ ಪಿಟ್‌ಳದ್ದು, 1971ರಲ್ಲಿ ಇದೇ ಕಥೆಯ ಸಿನಿಮಾದಲ್ಲಿ ನಟಿಸಿದವಳು. ಆಲ್ಬಂ ದಂತಕಥೆಯ ಬಾತೋರಿಯನ್ನೇ ಹಿಡಿದಿದೆ, ಇತಿಹಾಸದವಳನ್ನಲ್ಲ. ನನಗೆ ಅದರ ಸಂಗೀತ ಇಷ್ಟ. ಆದರೆ ಸತ್ತ ಹುಡುಗಿಯರಿಗೆ ಅದರಲ್ಲಿ ಹೆಸರೂ ಇಲ್ಲ, ದನಿಯೂ ಇಲ್ಲ. ಆ ಕೊರತೆ ಕೇಳಿದಾಗೆಲ್ಲ ಚುಚ್ಚುತ್ತದೆ.

ಒಂದು ಒರಟು ಗಂಡುದನಿ, ಒಂದು ಮೆಲುದನಿಯ ಹೆಂಗಸು, ಈ ಜೋಡಿ ಯಾಕೆ?

ಇದನ್ನು ಪಕ್ಕಾ ಮಾಡಿದ್ದು ನಾರ್ವೆಯ ಸ್ಟಾವಂಗರ್ ಊರಿನ ಥಿಯೇಟರ್ ಆಫ್ ಟ್ರಾಜಿಡಿ, 1995ರ ಮೊದಲ ಆಲ್ಬಂನಿಂದ. ರೇಮಂಡ್ ರೊಹೋನಿ ಗುಡುಗುತ್ತಾನೆ, ಲಿವ್ ಕ್ರಿಸ್ಟೀನ್ ಉತ್ತರ ಕೊಡುತ್ತಾಳೆ. ಭಾಷೆಯೂ ಹಳೆಯದು. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್, ನಾವು ಈಗ ಕೂತು ಹಳಗನ್ನಡದಲ್ಲಿ ಹಾಡು ಕಟ್ಟಿದ ಹಾಗೆ. ಕೇಳಿದರೆ ತಾಳಮದ್ದಳೆಯ ವಾದ ನೆನಪಾಗುತ್ತದೆ. 1996ರ ಆಲ್ಬಂನ ಒಂದು ಹಾಡಿನ ನಡುವೆ, ಪ್ಲೇಗ್ ಬಂದ ಊರಿನ ಕಥೆಯ 1964ರ ಸಿನಿಮಾದಿಂದ ಸಂಭಾಷಣೆ ಎತ್ತಿ ಸೇರಿಸಿದ್ದಾರೆ. ದೇವರನ್ನು ನಂಬದ ರಾಜಕುಮಾರ, ನಂಬುವ ಹಳ್ಳಿ ಹುಡುಗಿ, ಇಬ್ಬರ ನಡುವೆ ಮಾತು. ಹೊರಗೆ ಜನ ಸಾಯುತ್ತಿದ್ದಾರೆ, ಒಳಗೆ ವಾದ ನಡೆಯುತ್ತಿದೆ.

ಆಮೇಲೆ ನೂರಾರು ಬ್ಯಾಂಡ್‌ಗಳು ಇದನ್ನೇ ಮಾಡಿ ಸವೆಸಿದವು. ಹೆಂಗಸಿಗೆ ಅಳುವುದು ಬಿಟ್ಟು ಬೇರೆ ಸಾಲೇ ಕೊಡದ ಹಾಡುಗಳು ತುಂಬಾ ಇವೆ, ಅವನ್ನು ಬಿಟ್ಟರೂ ನಷ್ಟವಿಲ್ಲ.

ಎಲ್ಲಾ ಕಟ್ಟುಕಥೆಯೇನಾ? ನಿಜವಾದ ಸಾವಿನ ಬಗ್ಗೆ ಬರೆದಿಲ್ವಾ?

ಬರೆದಿದ್ದಾರೆ, ಮತ್ತು ನನ್ನ ಪ್ರಕಾರ ಈ ಸಂಗೀತದ ಅತ್ಯುತ್ತಮ ಹಾಡುಗಳು ಅವೇ.

ಟೈಪ್ ಓ ನೆಗೆಟಿವ್‌ನ ಪೀಟರ್ ಸ್ಟೀಲ್ ಬ್ರೂಕ್ಲಿನ್‌ನವನು, ಆರಡಿ ಎಂಟಿಂಚು ಎತ್ತರ, ಮೊದಲು ನ್ಯೂಯಾರ್ಕ್ ನಗರದ ಉದ್ಯಾನ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ. 1993ರಲ್ಲಿ ಅವನು ಹೆಸರು ಮಾಡಿದ್ದು ಕೂದಲಿಗೆ ಕಪ್ಪು ಬಣ್ಣ ಹಚ್ಚುವ ಹುಡುಗಿಯನ್ನು ಛೇಡಿಸುವ ಹಾಡಿನಿಂದ. ಆಮೇಲೆ ಮನೆಯಲ್ಲಿ ಒಂದೊಂದೇ ಸಾವು ಆಗುತ್ತಾ ಹೋದವು. 1996ರ 'ಅಕ್ಟೋಬರ್ ರಸ್ಟ್' ಆಲ್ಬಂನಲ್ಲಿ ತಂದೆ ಹೋದ ಮೇಲಿನ ಕ್ರಿಸ್‌ಮಸ್ ಬಗ್ಗೆ ಒಂದು ಹಾಡಿದೆ. ಹೋದ ವರ್ಷ ಹನ್ನೊಂದು ಜನ ಊಟಕ್ಕೆ ಕೂತಿದ್ದ ಮೇಜಿಗೆ ಈ ವರ್ಷ ಏಳೇ ಜನ. ಲೆಕ್ಕ ಅಷ್ಟೇ. ಅದರಲ್ಲಿ ದೆವ್ವ ಇಲ್ಲ, ಕೋಟೆ ಇಲ್ಲ, ಖಾಲಿ ಕುರ್ಚಿಗಳಿವೆ. ಸಾವಾದ ಮನೆಯ ಮೊದಲ ಹಬ್ಬದಲ್ಲಿ ಎಷ್ಟು ಎಲೆ ಹಾಕಬೇಕು ಅಂತ ಎಣಿಸುವಾಗ ಕೈ ತಡೆಯುತ್ತದಲ್ಲ, ಆ ಕ್ಷಣ ಅದು. 1999ರ 'ವರ್ಲ್ಡ್ ಕಮಿಂಗ್ ಡೌನ್' ಇನ್ನೂ ಕಪ್ಪು. ಮೂಗು, ಲಿವರ್, ಶ್ವಾಸಕೋಶ ಅಂತ ಹೆಸರಿಟ್ಟ ಮೂರು ಪುಟ್ಟ ತುಣುಕುಗಳು ಅದರಲ್ಲಿವೆ, ಕೊಕೇನ್, ಕುಡಿತ, ಸಿಗರೇಟಿನಿಂದ ಸಾಯುವ ಸದ್ದು. ಅವುಗಳನ್ನು ನಾನು ಒಂದೇ ಸಲ ಕೇಳಿದ್ದೇನೆ. ಸ್ಟೀಲ್ 2010ರ ಏಪ್ರಿಲ್ 14ರಂದು 48ನೇ ವಯಸ್ಸಿಗೆ ಹೋಗಿಬಿಟ್ಟ.

ಇನ್ನೊಂದು ಅನಾಥೆಮಾ. ಬ್ಯಾಂಡ್‌ನ ಕ್ಯಾವನಾ ಸಹೋದರರ ತಾಯಿ 1998ರಲ್ಲಿ ತೀರಿಕೊಂಡರು. ಮರುವರ್ಷದ 'ಜಡ್ಜ್‌ಮೆಂಟ್' ಆಲ್ಬಂ ಅವರಿಗೇ ಅರ್ಪಣೆ. ಅಷ್ಟು ಹೊತ್ತಿಗೆ ಬ್ಯಾಂಡ್ ಒರಟು ದನಿ ಬಿಟ್ಟು ಸಾದಾ ದನಿಗೆ ಬಂದಿತ್ತು. 'ಒನ್ ಲಾಸ್ಟ್ ಗುಡ್‌ಬೈ' ಹಾಡಿನಲ್ಲಿ ಮಗ ಅಮ್ಮನ ಜೊತೆ ನೇರವಾಗಿ ಮಾತಾಡುತ್ತಾನೆ, ಅವಳು ಪಕ್ಕದ ಕೋಣೆಯಲ್ಲಿ ಇದ್ದಾಳೆ ಅನ್ನುವ ಹಾಗೆ.

ನನ್ನ ಅಪ್ಪ ಹೋದಾಗ ಹದಿಮೂರು ದಿನ ಮನೆ ತುಂಬಾ ಜನ. ವೈಕುಂಠ ಸಮಾರಾಧನೆ ಮುಗಿದ ಸಂಜೆ ಎಲ್ಲರೂ ಹೋದರು, ಶಾಮಿಯಾನ ಬಿಚ್ಚಿದರು, ಮಾರನೇ ದಿನದಿಂದ 'ಇನ್ನು ಕೆಲಸದ ಕಡೆ ಗಮನ ಕೊಡಪ್ಪ' ಅನ್ನುವ ಮಾತು ಶುರುವಾಯಿತು. ಯಾರದ್ದೂ ತಪ್ಪಲ್ಲ. ಆದರೆ ನನ್ನ ದುಃಖ ಶುರುವಾಗಿದ್ದೇ ಹದಿನಾಲ್ಕನೇ ದಿನ. ಆ ಆಲ್ಬಂ ಆಗ ಮೂರು ತಿಂಗಳು ದಿನಾ ಕೇಳಿದೆ. ಅಮ್ಮ ಒಂದು ದಿನ ಬಾಗಿಲಲ್ಲಿ ನಿಂತು, 'ಯಾರಿಗೋಸ್ಕರ ಹಾಡ್ತಿದಾನೆ ಆ ಹುಡುಗ?' ಅಂತ ಕೇಳಿದರು. ಅವನ ಅಮ್ಮನಿಗೆ ಅಂದೆ. ಒಳಗೆ ಬಂದು ಕೂತುಕೊಂಡರು.

ಇವರು ದೇವರ ವಿರೋಧಿಗಳಾ? ಸೈತಾನನ ಪೂಜೆ ಮಾಡ್ತಾರಾ?

ಮೆಟಲ್‌ನಲ್ಲಿ ಸೈತಾನನ ಹೆಸರನ್ನು ಗಂಭೀರವಾಗಿ ತೆಗೆದುಕೊಂಡವರು ಇದ್ದಾರೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಗಾಥಿಕ್ ಮೆಟಲ್‌ನಲ್ಲಿ ಮಾತ್ರ ಬೇರೆ ಥರ. ಇಲ್ಲಿ ದೇವರ ಜೊತೆ ಜಗಳ ಇದೆ. ಜಗಳ ಆಡುವುದು ಸಂಬಂಧ ಇರುವವರ ಜೊತೆಗೇ ತಾನೇ? ಪ್ಯಾರಡೈಸ್ ಲಾಸ್ಟ್ ಅನ್ನುವ ಹೆಸರೇ ಮಿಲ್ಟನ್‌ನ 1667ರ ಮಹಾಕಾವ್ಯದ್ದು. ಸ್ವರ್ಗದಿಂದ ಬಿದ್ದವರ ಕಥೆ. ಚರ್ಚು, ಶಿಲುಬೆ, ಮೇಣದಬತ್ತಿ ಇಲ್ಲದೆ ಈ ಹಾಡುಗಳಿಗೆ ಭಾಷೆಯೇ ಇಲ್ಲ. ಪೀಟರ್ ಸ್ಟೀಲ್ ಕೊನೆಯ ವರ್ಷಗಳಲ್ಲಿ ತಾನು ಹುಟ್ಟಿದ ಕ್ಯಾಥಲಿಕ್ ನಂಬಿಕೆಗೆ ವಾಪಸ್ ಹೋದ.

ಮೂನ್‌ಸ್ಪೆಲ್‌ನ 2017ರ '1755' ಆಲ್ಬಂ ಕೇಳಿದರೆ ಈ ಜಗಳ ಚೆನ್ನಾಗಿ ಅರ್ಥವಾಗುತ್ತದೆ. 1755ರ ನವೆಂಬರ್ 1, ಎಲ್ಲಾ ಸಂತರ ಹಬ್ಬದ ಬೆಳಗ್ಗೆ. ಲಿಸ್ಬನ್‌ನ ಚರ್ಚುಗಳು ಭರ್ತಿ, ಎಲ್ಲೆಲ್ಲೂ ಮೇಣದಬತ್ತಿ. ಆಗ ಭೂಮಿ ನಡುಗಿತು. ಚರ್ಚಿನ ಚಾವಣಿಗಳು ಪ್ರಾರ್ಥನೆ ಮಾಡುತ್ತಿದ್ದವರ ಮೇಲೇ ಬಿದ್ದವು, ಹಚ್ಚಿದ್ದ ದೀಪಗಳಿಂದ ಊರಿಗೆ ಬೆಂಕಿ ಬಿತ್ತು, ನದಿ ಕಡೆ ಓಡಿದವರನ್ನು ಸುನಾಮಿ ಎಳೆದುಕೊಂಡಿತು. ಸಾವಿರಾರು ಜನ ಹೋದರು. ದೇವರ ಮನೆಯಲ್ಲೇ, ಹಬ್ಬದ ದಿನವೇ ಯಾಕೆ ಅನ್ನುವ ಪ್ರಶ್ನೆಯಿಂದ ಇಡೀ ಯುರೋಪಿನ ಯೋಚನೆ ಅಲುಗಿತು. ಫರ್ನಾಂಡೊ ರಿಬೇರೊ ಈ ಆಲ್ಬಂ ಅನ್ನು ಪೂರ್ತಿ ಪೋರ್ಚುಗೀಸ್‌ನಲ್ಲೇ ಹಾಡಿದ್ದಾನೆ. ತನ್ನ ಊರಿನ ಸತ್ತವರ ಬಗ್ಗೆ ತನ್ನ ಊರಿನ ಮಾತಲ್ಲೇ ಹಾಡಿದ್ದು ನನಗೆ ತುಂಬಾ ಹಿಡಿಸಿತು.

ಇಂಥ ಹಾಡು ಕೇಳಿ ಮಕ್ಕಳು ಆತ್ಮಹತ್ಯೆ ಮಾಡ್ಕೊಳ್ತಾರೆ ಅಂತ ಕೇಳಿದ್ದೀನಿ. ನಿಜಾನಾ?

ಈ ಆರೋಪ ಕೋರ್ಟಿನ ತನಕ ಹೋಗಿತ್ತು. 1985ರಲ್ಲಿ ಅಮೆರಿಕದ ರಾಜಕಾರಣಿಗಳ ಹೆಂಡತಿಯರು ಸೇರಿ ಕಟ್ಟಿದ ಗುಂಪೊಂದು ಹದಿನೈದು ಕೆಟ್ಟ ಹಾಡುಗಳ ಪಟ್ಟಿ ಮಾಡಿತು. ಕಿಂಗ್ ಡೈಮಂಡ್‌ನ ಹಳೇ ಬ್ಯಾಂಡ್ ಮರ್ಸಿಫುಲ್ ಫೇಟ್ ಕೂಡ ಅದರಲ್ಲಿತ್ತು. ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆಯೂ ನಡೆಯಿತು. 1990ರಲ್ಲಿ ನೆವಾಡಾದ ರೀನೋ ನಗರದಲ್ಲಿ ಜೂಡಸ್ ಪ್ರೀಸ್ಟ್ ಬ್ಯಾಂಡ್ ಮೇಲೆ ಮೊಕದ್ದಮೆ. ಹಾಡಿನಲ್ಲಿ ಅಡಗಿಸಿಟ್ಟ ಮಾತು ಇಬ್ಬರು ಹುಡುಗರನ್ನು ಸಾವಿಗೆ ತಳ್ಳಿತು ಅಂತ. ನ್ಯಾಯಾಧೀಶರು ಬ್ಯಾಂಡ್ ಪರವಾಗಿ ತೀರ್ಪು ಕೊಟ್ಟರು. ಓಜಿ ಆಸ್ಬರ್ನ್ ಮೇಲಿನ ಇಂಥದ್ದೇ ಕೇಸೂ ವಜಾ ಆಯಿತು.

ತಪ್ಪಾಗಿ ಓದಿದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಹೇಳಲೇಬೇಕು. ಅಮೆರಿಕದ ವೆಸ್ಟ್ ಮೆಂಫಿಸ್‌ನಲ್ಲಿ 1993ರಲ್ಲಿ ಮೂರು ಪುಟ್ಟ ಹುಡುಗರ ಕೊಲೆ ಆಯಿತು. ಹದಿಹರೆಯದ ಮೂವರನ್ನು ಹಿಡಿದರು. ಒಬ್ಬ ಕಪ್ಪು ಬಟ್ಟೆ ಹಾಕುತ್ತಿದ್ದ, ಮೆಟಲ್ ಕೇಳುತ್ತಿದ್ದ, ಅದನ್ನೆಲ್ಲ ಕೋರ್ಟಿನಲ್ಲಿ ಅವನ ವಿರುದ್ಧವೇ ಬಳಸಿದರು. ಮೂವರೂ ಹೊರಗೆ ಬಂದದ್ದು 2011ರಲ್ಲಿ, ಹದಿನೆಂಟು ವರ್ಷ ಜೈಲಿನಲ್ಲಿ ಕಳೆದ ಮೇಲೆ.

2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 39 ಜನ ಮೆಟಲ್ ಕೇಳುಗರನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದರು. ಮೊದಲು ಸಿಟ್ಟು ಬರಿಸಿ, ಆಮೇಲೆ ಅವರಿಗೆ ಬೇಕಾದ ಹಾಡು ಕೇಳಿಸಿದರು. ಸಿಟ್ಟು ಹೆಚ್ಚಾಗಲಿಲ್ಲ, ಮನಸ್ಸಿಗೆ ಒಂದು ಹುರುಪು ಬಂತು. ಪುಟ್ಟ ಅಧ್ಯಯನ, ಎಲ್ಲದಕ್ಕೂ ಉತ್ತರ ಅಂತ ನಾನು ಹೇಳುವುದಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಇಬ್ಬರೂ ಸೇರಿ ಸಾಯೋಣ ಅನ್ನುವ ಹಾಡುಗಳು ಈ ಸಂಗೀತದಲ್ಲಿ ಇವೆ. ಫಿನ್‌ಲೆಂಡಿನ ಹಿಮ್ ಬ್ಯಾಂಡ್‌ನ ಅತಿ ದೊಡ್ಡ ಹಿಟ್ ಹಾಡೇ ಅಂಥದ್ದು, ರೋಮಿಯೋ ಜೂಲಿಯೆಟ್ ಥರದ್ದು. ಮನಸ್ಸು ಗಟ್ಟಿ ಇದ್ದಾಗ ಅದು ಹಾಡು. ಮನಸ್ಸು ಕುಸಿದಿದ್ದಾಗ ಒಬ್ಬರೇ ಕೂತು ಅದನ್ನೇ ಮತ್ತೆ ಮತ್ತೆ ಹಾಕಿಕೊಳ್ಳಬೇಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯ ಮಗು ಹೀಗೆ ಕೇಳುತ್ತಿದ್ದರೆ ಹೆಡ್‌ಫೋನ್ ಕಿತ್ತುಕೊಳ್ಳುವ ಮೊದಲು ಪಕ್ಕ ಕೂತು ಯಾವ ಹಾಡು ಅಂತ ಕೇಳಿ.

ಒಂದು ಅಕ್ಷರವೂ ಅರ್ಥ ಆಗಲ್ಲ. ಗಂಟಲು ಹರಿದುಕೊಂಡರೆ ಸಾಹಿತ್ಯ ಯಾರಿಗೆ ಬೇಕು?

ಆ ದನಿಗೆ ಗ್ರೌಲ್ ಅನ್ನುತ್ತಾರೆ. ಮೊದಲ ಸಲ ನನಗೂ ಅರ್ಥ ಆಗಲಿಲ್ಲ. ಸಾಲುಗಳನ್ನು ಮೊದಲು ಓದಿ, ಆಮೇಲೆ ಕೇಳಿ. ಮೂರನೇ ಸಲಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ಸಾವಿನ ಮನೆಯಲ್ಲಿ ಅಳುವವರ ಮಾತೂ ಅಷ್ಟೇ ಅಲ್ವಾ, ಒಂದೊಂದು ಪದ ಬಿಡಿಸಿ ಕೇಳಿಸುವುದಿಲ್ಲ.

ಬ್ಯಾಂಡೇ ಸತ್ತ ಹಾಗೆ ಮಾಡಿದ್ದರಂತೆ?

ಫಿನ್‌ಲೆಂಡಿನ ಔಲು ನಗರದ ಸೆಂಟೆನ್ಸ್ಡ್. ಇನ್ನು ಸಾಕು ಅಂತ ತೀರ್ಮಾನ ಮಾಡಿ, 2005ರಲ್ಲಿ 'ದ ಫ್ಯೂನರಲ್ ಆಲ್ಬಂ' ತಂದರು. ಅಂದರೆ ಅಂತ್ಯಸಂಸ್ಕಾರದ ಆಲ್ಬಂ. ಅದೇ ಅಕ್ಟೋಬರ್ 1ರಂದು ತಮ್ಮ ಊರಲ್ಲೇ ಕೊನೆಯ ಕಛೇರಿ ಕೊಟ್ಟು ಮುಗಿಸಿದರು. ಗಿಟಾರ್ ನುಡಿಸುತ್ತಿದ್ದ ಮೀಕಾ ಟೆಂಕುಲಾ 2009ರಲ್ಲಿ ತೀರಿಕೊಂಡ. ಹಾಗಾಗಿ ಆ ಕೊನೆ ಕೊನೆಯಾಗೇ ಉಳಿಯಿತು.

ನಮ್ಮ ಬೆಂಗಳೂರಿಗೂ ಇದಕ್ಕೂ ಏನಾದ್ರೂ ನಂಟಿದೆಯಾ?

ಮೆಟಲ್‌ಗೆ ಬೆಂಗಳೂರು ಹಳೇ ಮನೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಭಾರತದಲ್ಲೇ ಮೊದಲ ಸಲ ಹಾಡಿತು. ನೇಣಿಗೆ ಹೋಗುವವನ ಕೊನೆಯ ಗಳಿಗೆ, ಕತ್ತಲಲ್ಲಿ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನುವ ಭಯ, ಇಂಥ ಹಾಡುಗಳನ್ನು ಕಟ್ಟಿದ ಬ್ಯಾಂಡ್ ಅದು. ನಿಧಾನದ, ಸಾವಿನ ಬಗೆಯ ಮೆಟಲ್ ಅನ್ನು, ಅದಕ್ಕೆ ಡೂಮ್ ಅನ್ನುತ್ತಾರೆ, ಇಲ್ಲಿ 1990ರ ದಶಕದಲ್ಲೇ ಡೈಯಿಂಗ್ ಎಂಬ್ರೇಸ್ ನುಡಿಸುತ್ತಿತ್ತು. ಆಮೇಲೆ ಬೇವರ್ ಸೀ ಬಂತು, 2012ರಲ್ಲಿ ಮೊದಲ ಆಲ್ಬಂ. ಆ ಹೆಸರನ್ನು ಜೋರಾಗಿ ಹೇಳಿದರೆ ನಮ್ಮ ಬೈಗುಳ ಕೇಳಿಸುತ್ತದೆ. ಬೈಗುಳದ ಮೂಲ ಅರ್ಥ ವಾರಸುದಾರ ಇಲ್ಲದವನು, ಕೇಳುವವರಿಲ್ಲದ ಹೆಣಕ್ಕೂ ಅದೇ ಪದ ಬಳಸುತ್ತೇವೆ. ಡೂಮ್ ಬ್ಯಾಂಡ್‌ಗೆ ಇದಕ್ಕಿಂತ ಒಳ್ಳೇ ಕನ್ನಡ ಹೆಸರು ನನಗೆ ತೋಚುವುದಿಲ್ಲ.

ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಒರಟು ದನಿ ಅಭ್ಯಾಸ ಇಲ್ಲದಿದ್ದರೆ 'ಜಡ್ಜ್‌ಮೆಂಟ್' ಮೊದಲು, ಆಮೇಲೆ 'ಅಕ್ಟೋಬರ್ ರಸ್ಟ್'. ಕಥೆ ಬೇಕು ಅನ್ನುವವರು 'ಅಬಿಗೇಲ್' ಹಾಕಿಕೊಳ್ಳಿ, ಸಾಲುಗಳನ್ನು ಮುಂದೆ ಇಟ್ಟುಕೊಂಡು, ಮೊದಲ ಹಾಡಿನಿಂದ ಕೊನೆಯ ತನಕ ಎದ್ದೇಳದೆ. ಪ್ಯಾರಡೈಸ್ ಲಾಸ್ಟ್‌ನ 'ಗಾಥಿಕ್'ಗಿಂತ 1995ರ 'ಡ್ರಾಕೋನಿಯನ್ ಟೈಮ್ಸ್' ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಮೈ ಡೈಯಿಂಗ್ ಬ್ರೈಡ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಒಂದು ಇಡೀ ರಾತ್ರಿ ಬೇಕು, ಮರುದಿನ ಆಫೀಸಿಗೆ ಬೇಗ ಹೋಗಬೇಕಾದ ದಿನ ಬೇಡ.